ಬರದ ಊರಿಗೆ ಹೊರಟಿದ್ದೀರಾ? ಅಕ್ಕಿ ಮೂಟೆಗಿಂತ ಮೊದಲು ಅಳತೆ ಪಟ್ಟಿ ತಗೊಳ್ಳಿ

ಬೇಸಿಗೆ ಶುರುವಾದರೆ ಸಾಕು, ನನಗೆ ಬರುವ ಮೆಸೇಜುಗಳೆಲ್ಲ ಒಂದೇ ಥರ. "ನಮ್ಮೂರ ಕಡೆ ಬರ ಬಿದ್ದಿದೆ, ಗೆಳೆಯರೆಲ್ಲ ಸೇರಿ ಒಂದಿಷ್ಟು ದುಡ್ಡು ಕೂಡಿಸಿದ್ದೇವೆ, ಮಕ್ಕಳಿಗೆ ಹಾಲಿನ ಪುಡಿ ಕೊಡೋಣವಾ, ಬಿಸ್ಕತ್ತು ಕೊಡೋಣವಾ?" ಬೆಂಗಳೂರಿನಿಂದ ಕೇಳುತ್ತಾರೆ, ಪುಣೆಯಿಂದ ಕೇಳುತ್ತಾರೆ, ದುಬೈಯಲ್ಲಿ ಕೆಲಸ ಮಾಡುವ ರಾಯಚೂರು, ಯಾದಗಿರಿ ಕಡೆಯವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ತಿಳಿದಿರಲಿ. ಬರಗಾಲದಲ್ಲಿ ನೇರವಾಗಿ ಹಸಿವಿನಿಂದಲೇ ಸಾಯುವ ಮಕ್ಕಳು ಕಡಿಮೆ. ಹಸಿವು ಮೈಯ ಕಸುವನ್ನೆಲ್ಲ ತಿಂದಿರುತ್ತದೆ, ಆಮೇಲೆ ಬರುವ ಭೇದಿಯೋ ದಡಾರವೋ ನ್ಯುಮೋನಿಯಾವೋ ಮಗುವನ್ನು ಒಯ್ಯುತ್ತದೆ. 2011ರಲ್ಲಿ ಸೊಮಾಲಿಯಾದಲ್ಲಿ ಬರ ಕ್ಷಾಮಕ್ಕೆ ತಿರುಗಿದಾಗ ಸುಮಾರು 2.6 ಲಕ್ಷ ಜನ ಸತ್ತರು, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ನಮ್ಮಲ್ಲಿ ಅಂಥ ಕ್ಷಾಮ ಇಲ್ಲ, ನಿಜ. ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 19.5ರಷ್ಟು ಮಕ್ಕಳು ಎತ್ತರಕ್ಕೆ ತಕ್ಕ ತೂಕ ಇಲ್ಲದವರು, ಶೇ. 8.4ರಷ್ಟು ಮಕ್ಕಳು ತೀರಾ ಸೊರಗಿದವರು. ಮಳೆ ಚೆನ್ನಾಗಿ ಆದ ವರ್ಷವೂ ಇಂಥ ಮಕ್ಕಳು ಇರುತ್ತಾರೆ, ಬರದಲ್ಲಿ ಅವರು ಇನ್ನೊಂದು ಮೆಟ್ಟಿಲು ಕೆಳಗೆ ಜಾರುತ್ತಾರೆ.

ಆದ್ದರಿಂದ ನಿಮ್ಮ ಮೊದಲ ಕೆಲಸ ಹಂಚುವುದಲ್ಲ, ಹುಡುಕುವುದು. ಇನ್ನೂರು ಮನೆಯ ಊರಲ್ಲಿ ಜೀವಕ್ಕೆ ಅಪಾಯ ಇರುವ ಮಕ್ಕಳು ನಾಲ್ಕೋ ಐದೋ ಇರಬಹುದು. ಅವರು ಯಾರು ಅಂತ ಗೊತ್ತಾಗದಿದ್ದರೆ ಲಾರಿಗಟ್ಟಲೆ ಅಕ್ಕಿ ಕೊಟ್ಟರೂ ಅವರಿಗೆ ತಲುಪುವುದಿಲ್ಲ.

ಏನೇನು ಬೇಕು

ಮುವಾಕ್ ಟೇಪ್ ಎರಡು. ಮಗುವಿನ ತೋಳಿನ ಸುತ್ತಳತೆ ನೋಡುವ ಪಟ್ಟಿ ಇದು, ಕೆಂಪು, ಹಳದಿ, ಹಸಿರು ಬಣ್ಣ ಇರುತ್ತದೆ. ಆಶಾ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದವರ ಹತ್ತಿರ ಕೇಳಿ. ಸಿಗದೇ ಹೋದರೆ ಟೈಲರ್ ಟೇಪ್ ಸಾಕು. ಅದರ ಜೊತೆ ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ, ಕ್ಲೋರಿನ್ ಮಾತ್ರೆ, ಒಂದು ಲೀಟರಿನ ಬಾಟಲಿ, ಸೋಪು, ಒಂದು ನೋಟ್‌ಬುಕ್. ಇಷ್ಟೇ. ಒಂದು ಬ್ಯಾಗಿನಲ್ಲಿ ಹಿಡಿಯುತ್ತದೆ.

1. ಹೋಗುವ ಮುಂಚೆ ಅಂಗನವಾಡಿ ಟೀಚರ್‌ಗೆ ಫೋನ್ ಮಾಡಿ

ಅವರನ್ನು ಬಿಟ್ಟು ನೇರ ಊರೊಳಗೆ ಹೋಗಬೇಡಿ. ಯಾವ ಮನೆಯಲ್ಲಿ ಎಷ್ಟು ಮಕ್ಕಳು, ಯಾರ ತೂಕ ಇಳಿದಿದೆ, ಯಾರು ಗುಳೆ ಹೋಗಿದ್ದಾರೆ ಅನ್ನುವುದು ಟೀಚರ್‌ಗೂ ಆಶಾ ಅವರಿಗೂ ಗೊತ್ತಿರುತ್ತದೆ. "ನಿಮ್ಮ ಕೆಲಸ ತನಿಖೆ ಮಾಡೋಕೆ ಬರುತ್ತಿಲ್ಲ ಮೇಡಂ, ನಿಮ್ಮ ಜೊತೆ ಎರಡು ಕೈ ಹೆಚ್ಚಿಗೆ ಇರಲಿ ಅಂತ ಬರುತ್ತಿದ್ದೇವೆ" ಅಂತ ಮೊದಲೇ ಹೇಳಿ. ಇದನ್ನು ಹೇಳದೇ ಹೋದ ಕಡೆ ಬಾಗಿಲು ಮುಚ್ಚಿದ್ದನ್ನು ನೋಡಿದ್ದೇನೆ.

ಊರ ನಡುವಿನ ಓಣಿ ಮಾತ್ರ ನೋಡಿ ವಾಪಸ್ ಬರಬೇಡಿ. ತಾಂಡಾ, ದೊಡ್ಡಿ, ಹೊಲದ ಮನೆ, ಇಟ್ಟಿಗೆ ಭಟ್ಟಿಯ ಪಕ್ಕದ ಗುಡಿಸಲು, ಇವು ಪಟ್ಟಿಯಲ್ಲಿ ಬಿಟ್ಟುಹೋಗುತ್ತವೆ. ಹೆಚ್ಚು ಸೊರಗಿದ ಮಕ್ಕಳು ಅಲ್ಲೇ ಇರುತ್ತಾರೆ. ಹೋಗುವ ಹೊತ್ತೂ ಮುಖ್ಯ. ಹತ್ತು ಗಂಟೆಗೆ ಹೋದರೆ ತಾಯಂದಿರು ಕೂಲಿಗೆ ಹೋಗಿರುತ್ತಾರೆ. ಬೆಳಿಗ್ಗೆ ಏಳರೊಳಗೆ ಹೋಗಿ, ಇಲ್ಲವೇ ಸಂಜೆ ದೀಪ ಹಚ್ಚುವ ಹೊತ್ತಿಗೆ.

2. ತೋಳು ಅಳೆಯುವುದು

ಈ ಅಳತೆ 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಿಗೆ. ವಯಸ್ಸು ತಾಯಿ ಕಾರ್ಡಿನಲ್ಲಿ ನೋಡಿ. ಕಾರ್ಡ್ ಕಳೆದಿದ್ದರೆ ಹಬ್ಬ ಹಿಡಿದು ಕೇಳಿ: ಯುಗಾದಿಗೆ ಮೊದಲಾ, ಆಮೇಲಾ? ಶೇಂಗಾ ಕೀಳುವಾಗ ಹುಟ್ಟಿದ್ದಾ? ತಿಂಗಳು ಸುಮಾರಾಗಿ ಸಿಕ್ಕೇ ಸಿಗುತ್ತದೆ.

ಮಗು ತಾಯಿಯ ತೊಡೆ ಮೇಲೆ ಕೂತಿರಲಿ. ಎಡಗೈ ಬಟ್ಟೆ ಸರಿಸಿ. ಮೊಣಕೈ ಮಡಚಿಸಿ, ಭುಜದ ತುದಿಯ ಎಲುಬಿನಿಂದ ಮೊಣಕೈ ತುದಿವರೆಗೆ ಅಳೆದು ಸರಿಯಾಗಿ ನಡುವೆ ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ಈಗ ಕೈಯನ್ನು ಸಡಿಲವಾಗಿ ಇಳಿಬಿಡಲಿ. ಆ ಚುಕ್ಕೆಯ ಮೇಲೆ ಪಟ್ಟಿ ಸುತ್ತಿ ಓದಿ.

ಎಲ್ಲರೂ ತಪ್ಪುವುದು ಎರಡು ಕಡೆ. ಒಂದು, ಕೈ ಮಡಚಿಕೊಂಡೇ ಅಳೆಯುವುದು. ಇನ್ನೊಂದು, ಪಟ್ಟಿ ಎಳೆದು ಬಿಗಿ ಮಾಡುವುದು. ಚರ್ಮ ಒಳಗೆ ಹೋಗಿ ಸುಕ್ಕಾದರೆ ಬಿಗಿ ಜಾಸ್ತಿಯಾಗಿದೆ, ಚರ್ಮಕ್ಕೂ ಪಟ್ಟಿಗೂ ನಡುವೆ ಸಂದಿ ಕಂಡರೆ ಸಡಿಲವಾಗಿದೆ. ಮಗು ಅಳುತ್ತಾ ಕೈ ಜಾಡಿಸುತ್ತಿದ್ದರೆ ಸ್ವಲ್ಪ ಕಾಯಿರಿ. ಅರ್ಧ ಸೆಂಟಿಮೀಟರ್ ಆಚೆ ಈಚೆಯಾದರೂ ಬಣ್ಣ ಬದಲಾಗುತ್ತದೆ, ಅದಕ್ಕೇ ಎರಡು ಸಲ ಅಳೆಯಿರಿ ಅನ್ನುತ್ತೇನೆ.

12.5 ಸೆಂ.ಮೀ. ಅಥವಾ ಹೆಚ್ಚು ಇದ್ದರೆ ಹಸಿರು. 11.5ರಿಂದ 12.5ರೊಳಗೆ ಇದ್ದರೆ ಹಳದಿ, ಅಂದರೆ ಮಧ್ಯಮ ಅಪೌಷ್ಟಿಕತೆ, ಇಲಾಖೆಯವರು 'ಮ್ಯಾಮ್' ಅನ್ನುತ್ತಾರೆ. 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು. ಅದು ತೀವ್ರ ಅಪೌಷ್ಟಿಕತೆ, 'ಸ್ಯಾಮ್'. ಹನ್ನೊಂದೂವರೆ ಸೆಂಟಿಮೀಟರ್ ಎಷ್ಟು ಸಣ್ಣದು ಅಂತ ನೋಡಬೇಕಾದರೆ ಒಂದು ದಾರ ಅಷ್ಟು ಉದ್ದ ಕತ್ತರಿಸಿ ನಿಮ್ಮ ಹೆಬ್ಬೆರಳಿನ ಸುತ್ತ ಸುತ್ತಿ ನೋಡಿ. ಎರಡು ಸುತ್ತು ಬರುವುದೇ ಕಷ್ಟ.

ಆರು ತಿಂಗಳೊಳಗಿನ ಕೂಸಿಗೆ ಈ ಬಣ್ಣಗಳ ಲೆಕ್ಕ ಬೇಡ. ಎದೆಹಾಲು ಸರಿಯಾಗಿ ಚೀಪುತ್ತಿಲ್ಲ, ತೂಕ ಏರುತ್ತಿಲ್ಲ ಅಂದರೆ ನೇರ ಆಸ್ಪತ್ರೆ.

3. ಎರಡೂ ಪಾದ ಒತ್ತಿ ನೋಡುವುದು

ಇದನ್ನು ದಯವಿಟ್ಟು ಬಿಡಬೇಡಿ. ನಾವು ಶುರುವಿನಲ್ಲಿ ಬಿಟ್ಟಿದ್ದೆವು. ಒಂದು ದೊಡ್ಡಿಯಲ್ಲಿ ಕೆನ್ನೆ ತುಂಬಿಕೊಂಡಿದ್ದ ಹುಡುಗಿಯನ್ನು "ಇವಳು ಗುಂಡಗಿದ್ದಾಳೆ ಬಿಡಿ" ಅಂತ ಮುಂದೆ ಹೋಗಿದ್ದೆವು. ವಾಪಸ್ ಬರುವಾಗ ಆಶಾ ಅಕ್ಕ ಅವಳ ಪಾದದ ಮೇಲೆ ಹೆಬ್ಬೆರಳು ಇಟ್ಟು ಒತ್ತಿ ತೆಗೆದರು. ಹಸಿ ಮಣ್ಣಿನ ಮೇಲೆ ಒತ್ತಿದ ಹಾಗೆ ಕುಳಿ ಹಾಗೇ ಉಳಿಯಿತು. ಅದು ಗುಂಡಗಿರುವುದಲ್ಲ, ಬಾವು. ಮೈಯಲ್ಲಿ ನೀರು ತುಂಬಿತ್ತು.

ವಿಧಾನ ಇಷ್ಟು: ಎರಡೂ ಪಾದದ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಎರಡೂ ಕಡೆ ಕುಳಿ ಉಳಿದರೆ ತೋಳಿನ ಅಳತೆ ಹಸಿರು ಇದ್ದರೂ ಆ ಮಗು ತೀವ್ರ ಅಪೌಷ್ಟಿಕವೇ. ಕೂದಲು ಕೆಂಚಗಾಗಿ ಸುಲಭವಾಗಿ ಕಿತ್ತು ಬರುವುದು, ಚರ್ಮ ಸಿಪ್ಪೆ ಏಳುವುದು, ಸದಾ ಕಿರಿಕಿರಿ, ಊಟ ಬೇಡ ಅನ್ನುವುದು, ಇವೂ ಜೊತೆಗೆ ಇರಬಹುದು. ಒಂದೇ ಪಾದ ಊದಿದ್ದರೆ ಗಾಯವೋ ಚೇಳು ಕಡಿತವೋ ಇರಬಹುದು, ಅದು ಬೇರೆ.

4. ಹಳದಿ ಮಗುವಿಗೆ ಏನು

ಹಳದಿ ಮಗು ಮನೆಯಲ್ಲೇ ಇರಬಹುದು, ಆದರೆ ಟೀಚರ್ ಪಟ್ಟಿಯಲ್ಲಿ ಹೆಸರು ಇರಲೇಬೇಕು. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಅಂಗನವಾಡಿ ವಯಸ್ಸಿನ ಮಗುವಿಗೆ ಪೂರಕ ಆಹಾರ ಸಿಗಬೇಕು, ಅಪೌಷ್ಟಿಕ ಮಗುವಿಗೆ ಇನ್ನೂ ಹೆಚ್ಚು. ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವುದಲ್ಲ, ಮಗುವಿನ ಹಕ್ಕು. ಮನೆಗೆ ಕೊಡುವ ಪ್ಯಾಕೆಟ್ ಆ ಮಗುವಿನ ಹೊಟ್ಟೆಗೇ ಹೋಗುತ್ತಿದೆಯಾ, ಐದು ಜನರಿಗೆ ಹಂಚಿಹೋಗುತ್ತಿದೆಯಾ ಅಂತ ಮೆತ್ತಗೆ ಕೇಳಿ ನೋಡಿ. ಹಂಚಿಹೋಗುತ್ತಿದ್ದರೆ ತಾಯಿಯನ್ನು ಬೈಯಬೇಡಿ, ಆ ಮನೆಗೆ ರೇಷನ್ ಸಾಲುತ್ತಿಲ್ಲ ಅಂತ ಅರ್ಥ.

ಊಟದ ವಿಷಯ. ತೆಳ್ಳನೆಯ ಗಂಜಿ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಬೇಕು. ರೊಟ್ಟಿಯನ್ನು ಹಾಲಲ್ಲೋ ಬೇಳೆಯಲ್ಲೋ ನೆನೆಸಿ ಕಿವುಚಿ, ಮೇಲೆ ಒಂದು ಚಮಚ ಎಣ್ಣೆ, ಒಂದು ಚಮಚ ಶೇಂಗಾ ಪುಡಿ. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ. ಪುಟಾಣಿ ಹಿಟ್ಟು, ಬೆಲ್ಲ, ನುಗ್ಗೆ ಸೊಪ್ಪು ಎಲ್ಲ ನಡೆಯುತ್ತದೆ. ಇಡೀ ಶೇಂಗಾ ಕಾಳು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ವರ್ಷದ ಮಗುವಿಗೆ ದಿನಕ್ಕೆ ಮೂರು-ನಾಲ್ಕು ಸಲ ಊಟ, ನಡುವೆ ಒಂದೆರಡು ಸಲ ತಿಂಡಿ ಬೇಕು. ತಾಯಿ ಹೊಲದಲ್ಲಿದ್ದರೆ ಮಧ್ಯಾಹ್ನ ಉಣಿಸುವವರು ಯಾರು ಅಂತ ಕೇಳಿ. ಬಹಳ ಮನೆಗಳಲ್ಲಿ ಏಳು ವರ್ಷದ ಅಕ್ಕ ಉಣಿಸುತ್ತಿರುತ್ತಾಳೆ. ಹಾಗಿದ್ದರೆ ಆ ಹುಡುಗಿಗೂ ಹೇಳಿಕೊಡಿ.

15 ದಿನಕ್ಕೆ ಮತ್ತೆ ಅಳೆಯಿರಿ.

5. ಕೆಂಪು ಮಗುವನ್ನು ಕರೆದೊಯ್ಯುವುದು

ಇಲ್ಲಿ ನಿಧಾನ ಬೇಡ. ಕೆಂಪು ಬಣ್ಣ ಅಥವಾ ಪಾದದ ಬಾವು ಇರುವ ಮಗುವನ್ನು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಬೇಕು. ಅಗತ್ಯ ಇದ್ದರೆ ಅವರು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಬರೆದುಕೊಡುತ್ತಾರೆ. ಎಲ್ಲರೂ ಅದನ್ನು ಎನ್‌ಆರ್‌ಸಿ ಅನ್ನುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ, ಕೆಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಇರುತ್ತದೆ. ಸುಮಾರು 14 ದಿನ ತಾಯಿ-ಮಗು ಅಲ್ಲೇ ಇರಬೇಕು. ಚಿಕಿತ್ಸೆ ಉಚಿತ.

ಈ ಲಕ್ಷಣಗಳಲ್ಲಿ ಒಂದು ಕಂಡರೂ ಯಾವ ಅಳತೆಯೂ ಬೇಡ, 108ಕ್ಕೆ ಫೋನ್ ಮಾಡಿ: ಮಗು ಕುಡಿಯುತ್ತಿಲ್ಲ, ಹಾಲು ಚೀಪುತ್ತಿಲ್ಲ, ಕುಡಿದಿದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಕಣ್ಣು ಬಿಡದಷ್ಟು ಸುಸ್ತು, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುವುದು, ಮೈ ತಣ್ಣಗಾಗಿರುವುದು. ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಿ. 2 ತಿಂಗಳಿಂದ 1 ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾ ಇರಬಹುದು. ಜ್ವರ ಇಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ತೀರಾ ಸೊರಗಿದ ಮಗುವಿಗೆ ಸೋಂಕು ಇದ್ದರೂ ಜ್ವರ ಬರುವಷ್ಟು ಕಸುವೇ ಇರುವುದಿಲ್ಲ.

ಗಾಡಿ ಬರುವವರೆಗೆ ಎರಡು ಕೆಲಸ. ಮಗುವಿಗೆ ನುಂಗಲು ಬರುತ್ತಿದ್ದರೆ ಎದೆಹಾಲು ಕೊಡಲಿ. ಎದೆಹಾಲು ಬಿಟ್ಟ ಮಗುವಾದರೆ ಒಂದು ಲೋಟ (200 ಮಿ.ಲೀ.) ಶುದ್ಧ ನೀರಿಗೆ 4 ಮಟ್ಟ ಚಹಾ ಚಮಚ ಸಕ್ಕರೆ ಕಲಸಿ ಅದರಲ್ಲಿ ಕಾಲು ಲೋಟದಷ್ಟು ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ಏನೂ ಹಾಕಬೇಡಿ. ಇನ್ನೊಂದು, ಮಗುವನ್ನು ತಾಯಿಯ ಎದೆಗೆ ಒತ್ತಿ ಹಿಡಿದು ಮೇಲೆ ಸೀರೆ ಸೆರಗೋ ಕೌದಿಯೋ ಹೊದಿಸಿ, ತಲೆಗೆ ಬಟ್ಟೆ ಕಟ್ಟಿ. ಸೊರಗಿದ ಮಗುವಿನ ಮೈ ಬೇಸಿಗೆಯಲ್ಲೂ ರಾತ್ರಿ ತಣ್ಣಗಾಗುತ್ತದೆ.

ಇಲ್ಲಿ ಪ್ರೀತಿಯಿಂದಲೇ ಆಗುವ ತಪ್ಪುಗಳು ಹೆಚ್ಚು. ಪಾಪ ಹಸಿದಿದೆ ಅಂತ ಒಂದೇ ಸಲ ಹೊಟ್ಟೆ ಬಿರಿಯ ತಿನ್ನಿಸುತ್ತಾರೆ. ಬಹಳ ದಿನ ಉಪವಾಸ ಇದ್ದ ಮೈಗೆ ಒಮ್ಮೆಲೇ ಜಾಸ್ತಿ ಆಹಾರ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ತೊಂದರೆ ಆಗಬಹುದು. ಅದಕ್ಕೇ ಎನ್‌ಆರ್‌ಸಿಯಲ್ಲಿ ಮೊದಲ ದಿನಗಳಲ್ಲಿ ಎಫ್-75 ಅನ್ನುವ ತೆಳು ಹಾಲನ್ನು ಎರಡು-ಮೂರು ಗಂಟೆಗೊಮ್ಮೆ ಅಳೆದು ಕೊಡುತ್ತಾರೆ, 100 ಮಿ.ಲೀ.ಗೆ 75 ಕಿಲೋ ಕ್ಯಾಲೊರಿ. ಮಗು ಚೇತರಿಸಿಕೊಂಡ ಮೇಲೆ ಎಫ್-100ಕ್ಕೆ ಏರಿಸುತ್ತಾರೆ. "ಆಸ್ಪತ್ರೆಯಲ್ಲಿ ಬರೀ ನೀರು ಹಾಲು ಕೊಡ್ತಾರೆ" ಅಂತ ಅಜ್ಜಿ ಬೇಜಾರು ಮಾಡಿಕೊಂಡರೆ ಇದನ್ನು ಬಿಡಿಸಿ ಹೇಳಿ. ಹಾಗೆಯೇ ರಕ್ತ ಆಗಲಿ ಅಂತ ಅಂಗಡಿಯ ಕಬ್ಬಿಣಾಂಶದ ಟಾನಿಕ್ ಶುರು ಮಾಡಬೇಡಿ. ತೀವ್ರ ಅಪೌಷ್ಟಿಕತೆಯ ಮೊದಲ ಹಂತದಲ್ಲಿ ಅದು ಸೋಂಕನ್ನು ಹೆಚ್ಚಿಸಬಹುದು, ಯಾವಾಗ ಕೊಡಬೇಕು ಅಂತ ಡಾಕ್ಟರ್ ಹೇಳುತ್ತಾರೆ.

ಈಗ ನಿಜವಾದ ಅಡ್ಡಿ. ತಾಯಿ "ಬರಂಗಿಲ್ರೀ" ಅನ್ನುತ್ತಾಳೆ. ಮನೆಯಲ್ಲಿ ಇನ್ನೆರಡು ಮಕ್ಕಳಿದ್ದಾರೆ, ಗಂಡ ಗುಳೆ ಹೋಗಿದ್ದಾನೆ, ಆಡು ಇವೆ, ದಿನದ ಕೂಲಿ ಹೋಗುತ್ತದೆ. ಇವೆಲ್ಲ ನೆಪ ಅಲ್ಲ. ನಿಮ್ಮ ದುಡ್ಡು, ನಿಮ್ಮ ಹೊತ್ತು ಬೇಕಾಗಿರುವುದು ಇಲ್ಲೇ. ಎನ್‌ಆರ್‌ಸಿಯಲ್ಲಿ ಇರುವಷ್ಟು ದಿನ ತಾಯಿಗೆ ಊಟ, ಕೂಲಿ ನಷ್ಟಕ್ಕೆ ಭತ್ಯೆ ಕೊಡುವ ವ್ಯವಸ್ಥೆ ಇದೆ. ಭತ್ಯೆ ಖಾತೆಗೆ ಬರುವುದು ತಡವಾಗುತ್ತದೆ, ಅಷ್ಟರವರೆಗೆ ಮನೆ ನಡೆಯಲು ನೀವು ಮುಂಗಡ ಕೊಡಿ. ಮನೆಯಲ್ಲಿ ಉಳಿಯುವ ಮಕ್ಕಳನ್ನು ಅತ್ತೆಯೋ ನೆರೆಮನೆಯವರೋ ನೋಡಿಕೊಳ್ಳುವಂತೆ ಮಾತಾಡಿ, ಆ ಮನೆಗೂ ಒಂದಿಷ್ಟು ಕಾಳು ಕೊಡಿ. ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಬ್ಯಾಗಿಗೆ ಹಾಕಿಸಿ. ಮೊದಲ ದಿನ ಜೊತೆಗೆ ಹೋಗಿ, ಮೂರನೇ ದಿನ ಒಂದು ಫೋನ್ ಮಾಡಿ. ನಾನು ನೋಡಿದಂತೆ ಅರ್ಧಕ್ಕೆ ಬಿಟ್ಟು ಬರುವುದು ಹೆಚ್ಚಾಗಿ ಮೂರು-ನಾಲ್ಕನೇ ದಿನವೇ.

6. ಭೇದಿ ಶುರುವಾದರೆ

1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು, ಸಲೈನ್ ಬಾಟಲಿ ಮುಗಿಯಿತು. ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಹತ್ತಿರ ಇದ್ದ ಸಾವು ಶೇ. 4ಕ್ಕಿಂತ ಕೆಳಗೆ ಇಳಿಯಿತು. ಅದೇ ಇವತ್ತಿನ ಓಆರ್‌ಎಸ್.

ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಿ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂತ ಅಂದಾಜಿಗೆ ಕಲಸಿದರೆ ಉಪ್ಪು ಜಾಸ್ತಿಯಾಗಿ ಅಪಾಯ. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದರೆ ಚೆಲ್ಲಿ. ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿ.ಲೀ. ಚಮಚದಲ್ಲಿ ನಿಧಾನವಾಗಿ ಕೊಡಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಪೊಟ್ಟಣ ಇಲ್ಲದ ಹೊತ್ತಿಗೆ ಒಂದು ಲೀಟರ್ ನೀರು, 6 ಮಟ್ಟ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಇದು ಚಹಾ ಚಮಚದ ಲೆಕ್ಕ.

ಜೊತೆಗೆ ಜಿಂಕ್ ಮಾತ್ರೆ: 6 ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿ.ಗ್ರಾಂ., 2ರಿಂದ 6 ತಿಂಗಳ ಕೂಸಿಗೆ 10. ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಎದೆಹಾಲು, ಊಟ ನಿಲ್ಲಿಸಬೇಡಿ. ಭೇದಿ ಕಟ್ಟಿಸುವ ಮಾತ್ರೆ ಮಕ್ಕಳಿಗೆ ಬೇಡವೇ ಬೇಡ.

ಅಂಗಡಿಯಲ್ಲಿ ಹುಷಾರು. ಸಕ್ಕರೆ ಹೆಚ್ಚಿರುವ ಬಣ್ಣದ ಡಬ್ಬಿ ಪಾನೀಯಗಳನ್ನು ಓಆರ್‌ಎಸ್ ಅನ್ನುವ ಹೆಸರಲ್ಲಿ ಮಾರುತ್ತಿದ್ದರು, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹಾಗೆ ಹೆಸರು ಹಾಕುವುದನ್ನೇ ನಿಲ್ಲಿಸಿತು. ಔಷಧಿ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಬರೆದಿರುವ ಪೊಟ್ಟಣ ಕೇಳಿ. ಆಶಾ ಹತ್ತಿರ ಉಚಿತವಾಗಿ ಸಿಗುತ್ತದೆ.

ಕೆಂಪು ಮಗುವಿಗೆ ಭೇದಿಯಾದರೆ ಲೆಕ್ಕ ಬೇರೆ. ಆ ಮೈಗೆ ಜಾಸ್ತಿ ಉಪ್ಪು, ಜಾಸ್ತಿ ನೀರು ತಡೆಯುವುದಿಲ್ಲ. ಕಣ್ಣು ಗುಳಿ ಬಿದ್ದಿರುವುದು, ಚರ್ಮ ಎತ್ತಿ ಬಿಟ್ಟರೆ ನಿಧಾನ ಇಳಿಯುವುದು ಸೊರಗಿದ್ದಕ್ಕೂ ಆಗುತ್ತದೆ, ನೀರು ಕಡಿಮೆಯಾದ್ದಕ್ಕೂ ಆಗುತ್ತದೆ, ನಮಗೆ ನಿಮಗೆ ಗೊತ್ತಾಗುವುದಿಲ್ಲ. ದಾರಿಯಲ್ಲಿ ಗುಟುಕು ಗುಟುಕು ಕುಡಿಸುತ್ತಾ ನೇರ ಆಸ್ಪತ್ರೆಗೆ ಹೋಗಿ.

ಒಂದೇ ಓಣಿಯಲ್ಲಿ ಒಂದೆರಡು ದಿನದೊಳಗೆ ಮೂರ್ನಾಲ್ಕು ಜನಕ್ಕೆ ವಾಂತಿ ಭೇದಿಯಾದರೆ, ಅಥವಾ ಒಬ್ಬರಿಗೇ ಅಕ್ಕಿ ತೊಳೆದ ನೀರಿನಂಥ ಭೇದಿ ಹೋಗುತ್ತಿದ್ದರೆ, ಆ ಕ್ಷಣ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರ ಹೆಸರು ಕೆಡುತ್ತದೆ ಅಂತ ಮುಚ್ಚಿಡಬೇಡಿ. ಯಾರಿಗೆ, ಯಾವತ್ತು ಶುರು, ಯಾವ ನೀರು ಕುಡಿದರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮೂಲ ಹುಡುಕುವುದು ಸುಲಭ.

7. ನೀರು

ವಿಪತ್ತಿನಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕು ಅನ್ನುವುದು ಜಗತ್ತಿನ ನೆರವು ಸಂಸ್ಥೆಗಳು ಒಪ್ಪಿದ ಲೆಕ್ಕ. 400 ಜನರ ತಾಂಡಾಕ್ಕೆ 6,000 ಲೀಟರ್ ಆಯಿತು. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗುವಾಗ "ನೀರು ಸಾಲಲ್ಲ ಸರ್" ಅನ್ನುವ ಬದಲು ಈ ಲೆಕ್ಕ ಬರೆದುಕೊಂಡು ಹೋಗಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ.

ಟ್ಯಾಂಕರ್ ನೀರಿಗೆ ಕ್ಲೋರಿನ್ ಹಾಕಿದ್ದಾರಾ ಅಂತ ಕೇಳಿ. ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇರುತ್ತದೆ, ನಿಮ್ಮೆದುರೇ ನೋಡಿಸಿ. ಮನೆಯಲ್ಲಾದರೆ ಕ್ಲೋರಿನ್ ಮಾತ್ರೆ. ಎಷ್ಟು ಲೀಟರಿಗೆ ಒಂದು ಅಂತ ಸ್ಟ್ರಿಪ್ ಮೇಲೆ ಇರುತ್ತದೆ, ಎಲ್ಲ ಮಾತ್ರೆಯೂ ಒಂದೇ ಅಲ್ಲ. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕೊಡದೊಳಗೆ ಕೈ ಅದ್ದಿದರೆ ಇಷ್ಟೆಲ್ಲ ಮಾಡಿದ್ದು ದಂಡ, ಉದ್ದ ಹಿಡಿಯ ಸೌಟು ಇಡಿಸಿ.

ಇನ್ನೊಂದು ಗೊತ್ತಿರಲಿ. ರಾಯಚೂರು, ಯಾದಗಿರಿ ಕಡೆ ಎಷ್ಟೋ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಇದೆ. ಕ್ಲೋರಿನ್ ಹಾಕಿದರೂ, ಕುದಿಸಿದರೂ ಅದು ಹೋಗುವುದಿಲ್ಲ. ಅದಕ್ಕೆ ಬೇರೆ ಮೂಲವೇ ಬೇಕು.

8. ದಡಾರದ ಲಸಿಕೆ ನೋಡಿ

ಇದಕ್ಕೆ ಎರಡು ನಿಮಿಷ ಸಾಕು. ತಾಯಿ ಕಾರ್ಡಿನಲ್ಲಿ ದಡಾರ-ರುಬೆಲ್ಲಾ ಎರಡು ಡೋಸ್ ಬಿದ್ದಿವೆಯಾ ನೋಡಿ: 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ವಿಟಮಿನ್ ಎ ಹನಿಯೂ 9 ತಿಂಗಳಿಂದ ಶುರುವಾಗಿ 5 ವರ್ಷದವರೆಗೆ ಆಗಾಗ ಸಿಗಬೇಕು. ಬಿಟ್ಟುಹೋಗಿದ್ದರೆ ಹೆಸರು ಬರೆದು ಆಶಾ ಕೈಗೆ ಕೊಡಿ.

9. ಕೂಡಿಸಿದ ದುಡ್ಡು

ಹಾಲಿನ ಪುಡಿ, ಬಾಟಲಿ, ನಿಪ್ಪಲ್ ಹಂಚಬೇಡಿ. ಕೊಳಕು ನೀರಲ್ಲಿ ಕಲಸಿದ ಬಾಟಲಿ ಹಾಲು ಕೂಸಿಗೆ ಭೇದಿ ತರುತ್ತದೆ, ಅಷ್ಟರಲ್ಲಿ ತಾಯಿಯ ಎದೆಹಾಲೂ ಬತ್ತುತ್ತದೆ. ಶಿಶು ಹಾಲಿನ ಪುಡಿಯನ್ನು ತಾಯಂದಿರಿಗೆ ಪುಕ್ಕಟೆ ಹಂಚುವುದಕ್ಕೆ 1992ರ ಕಾಯ್ದೆಯೇ ತಡೆ ಹಾಕಿದೆ. ಬಿಸ್ಕತ್ತಿನಿಂದಲೂ ಪ್ರಯೋಜನ ಕಡಿಮೆ.

ನನ್ನನ್ನು ಕೇಳಿದರೆ ದುಡ್ಡು ಹೋಗಬೇಕಾದ್ದು ಆಸ್ಪತ್ರೆಗೆ ಹೋಗುವ ಗಾಡಿ ಬಾಡಿಗೆಗೆ, ತಾಯಿಯ ಕೂಲಿ ಮುಂಗಡಕ್ಕೆ, ಎಣ್ಣೆ, ಶೇಂಗಾ, ಬೇಳೆ, ಮೊಟ್ಟೆಗೆ, ಮುಚ್ಚಳ ಇರುವ ಕೊಡಕ್ಕೆ, ಸೋಪಿಗೆ. ಬಸುರಿ, ಬಾಣಂತಿಯರ ಮನೆ ಮೊದಲು. ಮತ್ತೆ, ಸೊರಗಿದ ಮಗುವಿನ ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ. ದಾನಿಗಳಿಗೆ ಲೆಕ್ಕ ಕೊಡಬೇಕಾದರೆ ರಸೀದಿ ಕಳಿಸಿ, ಮಗುವಿನ ಮುಖ ಬೇಡ.

10. ಗುಳೆ ಹೋಗುವ ಮನೆ

ಬರದಲ್ಲಿ ಮಗು ಕಣ್ತಪ್ಪುವುದು ಇಲ್ಲೇ. ಇಲ್ಲಿ ಅಳೆದು ಹಳದಿ ಅಂತ ಬರೆದಿರುತ್ತೀರಿ, ಹದಿನೈದು ದಿನ ಬಿಟ್ಟು ಹೋದರೆ ಮನೆಗೆ ಬೀಗ. ಮಗು ಬೆಂಗಳೂರಿನ ಯಾವುದೋ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿ ಇರುತ್ತದೆ. ಅದಕ್ಕೇ ಮೊದಲ ಭೇಟಿಯಲ್ಲೇ ಕೇಳಿ: ಯಾವಾಗ ಹೋಗುತ್ತೀರಿ, ಯಾವ ಊರು, ಯಾವ ಏರಿಯಾ, ಮೇಸ್ತ್ರಿ ನಂಬರ್ ಏನು. ತಾಯಿ ಕಾರ್ಡ್ ಜೊತೆಗೇ ಒಯ್ಯಲಿ. ಅಲ್ಲಿನ ಅಂಗನವಾಡಿಯಲ್ಲೂ ಹೆಸರು ಸೇರಿಸಬಹುದು ಅಂತ ಹೇಳಿ, ಇಲ್ಲಿನ ಟೀಚರ್ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ವಲಸೆ ಅಂತ ನಮೂದಿಸಲಿ. ರೇಷನ್ ಕಾರ್ಡ್ ಬೇರೆ ಊರಲ್ಲೂ ನಡೆಯುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ನಗರದಲ್ಲಿ ಇರುವ ನಿಮ್ಮ ಗೆಳೆಯರಿಗೆ ಕೆಲಸ ಇಲ್ಲಿದೆ. ಆ ಏರಿಯಾದ ಹತ್ತಿರ ಇರುವವರೊಬ್ಬರು ಭಾನುವಾರ ಶೆಡ್ಡಿಗೆ ಹೋಗಿ ಅದೇ ಎಡಗೈ, ಅದೇ ಪಟ್ಟಿಯಲ್ಲಿ ಅಳೆದು ನಂಬರನ್ನು ಊರಿನ ಟೀಚರ್‌ಗೆ ಕಳಿಸಲಿ. ದಾರಿ ತೋಚದಿದ್ದರೆ 104 ಆರೋಗ್ಯವಾಣಿಗೆ ಕೇಳಿ. ಎನ್‌ಆರ್‌ಸಿಯಿಂದ ಮನೆಗೆ ಬಂದ ಮಗುವಿಗಂತೂ 15 ದಿನಕ್ಕೊಮ್ಮೆ ತಪಾಸಣೆ ಇರುತ್ತದೆ, ಎರಡು ತಿಂಗಳು ನಡೆಯುತ್ತದೆ. ಆ ದಿನಾಂಕಗಳನ್ನು ನಿಮ್ಮ ಫೋನಿನಲ್ಲೂ ಅಲಾರಂ ಇಟ್ಟುಕೊಳ್ಳಿ, ಹಿಂದಿನ ಸಂಜೆ ತಾಯಿಗೆ ಫೋನ್ ಮಾಡಿ ಬಸ್ಸಿನ ಹೊತ್ತು ಹೇಳಿ.